ಮೂರು ದಿನದ ಸ್ಯಾಂಪಲ್ಲು

ಹೇವರ್ಡಿನ ಗೋಡೌನಿನ ಬ್ರೇಕ್ ರೂಮಿನಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಸುಧನ್ವ ಎರಡು ಚಪಾತಿಯ ಪಕ್ಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡು, ಇನ್ನೂ ಮುಚ್ಚಳ ತೆಗೆಯದೆ, ಭಾವುಕನಾಗಿ ಕೂತಿದ್ದ. ತನಗಾಗಿ ಒಬ್ಬರು ತೊಕ್ಕು ಎತ್ತಿಟ್ಟಿದ್ದಾರಲ್ಲ ಎಂಬ ಭಾವುಕತೆ. ಡಬ್ಬಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ, ದುಂಡು ಅಕ್ಷರದಲ್ಲಿ 'ಸುಧನ್ವ, ಮಂಗಳವಾರ, ಬೆಳಿಗ್ಗೆ ೬-೧೦' ಎಂದು ಬರೆದಿತ್ತು. ಒಳಗಿನ ಪದಾರ್ಥ ಪೂರ್ತಿ ಹಸಿರೂ ಅಲ್ಲ, ಪೂರ್ತಿ ಕಂದೂ ಅಲ್ಲ. ಥೇಟು ಹುಣಸೆ ತೊಕ್ಕಿನ ಬಣ್ಣ. ಅವನು ಬಾಡಿಗೆಗಿದ್ದ ಮನೆಯ ಒಡತಿಯ ತಾಯಿ ಬಂಗಾರೆವ್ವ ಹೋದ ವಾರವಷ್ಟೇ, "ತೊಕ್ಕು ಮಾಡಿದ್ರ ನಿನಗೂ ಒಂದೀಟು ಇಡತೀನಿ ತಮ್ಮಾ" ಎಂದಿದ್ದರು. ಗ್ಯಾರೇಜಿನ ಫ್ರಿಜ್ಜಿನಲ್ಲಿ ತನ್ನ ಹೆಸರು ನೋಡಿದ್ದೇ ಅವನು ಎತ್ತಿಕೊಂಡು ಬಂದಿದ್ದ. ಟೈಮು ಸಹ ಬರೆದಿದ್ದಾರಲ್ಲ, ಎಂಥ ಅಚ್ಚುಕಟ್ಟು ಹೆಂಗಸು ಎಂದು ಮೆಚ್ಚಿಕೊಂಡ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು, ತೊಕ್ಕಿಗೆ ನಿಮಿಷದ ಲೆಕ್ಕ ಯಾಕೆ ಬೇಕು ಎಂದು ಮಾತ್ರ ತನ್ನನ್ನು ಕೇಳಿಕೊಳ್ಳಲಿಲ್ಲ.

ಮುಚ್ಚಳ ತೆಗೆದ.

ಪಕ್ಕದ ಟೇಬಲ್ಲಿನ ಫೋರ್ಕ್‌ಲಿಫ್ಟ್ ಡ್ರೈವರು ತಿನ್ನುತ್ತಿದ್ದ ಬರಿಟೋ ಸಮೇತ ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು. ಮೂಗು ಹೇಳಿದ್ದನ್ನು ತಲೆ ಒಪ್ಪಿಕೊಳ್ಳಲು ಅರ್ಧ ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಸುಧನ್ವ, ಪಾಪ, ತೊಕ್ಕು ಹಳಸಿದೆ ಎಂದೇ ತಿಳಿದಿದ್ದ.

ಫೋನು ಬಂತು.

"ಲೇ ಸುಧ್ಯಾ, ಗ್ಯಾರೇಜ್ ಫ್ರಿಜ್ಜಿನ್ಯಾಗ ಒಂದು ಡಬ್ಬಿ ಇಟ್ಟಿದ್ದೆ. ಎಲ್ಲೈತಿ?" ಬಂಗಾರೆವ್ವನ ದನಿ.

"ಅದು... ನನ್ನ ಹತ್ರ ಇದೆ ಅಮ್ಮಾ."

"ಎದಕ್ಕ ಒಯ್ದಿ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಊಟಕ್ಕೆ."

"ತಿಂದೇನು?"

"ಇಲ್ಲಮ್ಮಾ!"

"ಎಷ್ಟೊತ್ತು ಹೊರಗಿತ್ತು?"

"ಬೆಳಿಗ್ಗೆ ಏಳರಿಂದ. ಕಾರಲ್ಲಿ. ಬಿಸಿಲಿತ್ತು."

"ಹಂಗಾರ ಕೆಟ್ಟಿತು. ತಿಂದಿದ್ರ ನಿನಗರ ಶಿಕ್ಷಾ ಆಗತಿತ್ತು. ಈಗ ಶಿಕ್ಷಾ ಆ ಮರಿಗೆ. ಎರಡನೇ ದಿನದ ಸ್ಯಾಂಪಲ್ ಹೋತು ಅಂದ್ರ ಮತ್ತ ಒಂದರಿಂದ ಎಣಸಬೇಕು. ಬಾ ನೀ ಮನೀಗೆ."

ಮರಿ ಎಂದರೆ ಸೂಜಿ. ಮೂರು ತಿಂಗಳ ಬೂದು ಬೆಕ್ಕಿನ ಮರಿ. ಮೈಯಲ್ಲಿ ಕೂದಲು ಬಿಟ್ಟರೆ ಬೆನ್ನುಮೂಳೆಯಷ್ಟೇ ಇದ್ದದ್ದರಿಂದ ಆ ಹೆಸರು. ಅದಕ್ಕೆ ಭೇದಿ ಹಿಡಿದು ಐದು ವಾರವಾಗಿತ್ತು. ಕ್ಲಿನಿಕ್ಕಿನಲ್ಲಿ ಬೆಕ್ಕಿನ ಫೈಲು ಒಡೆಯನ ಹೆಸರಿನಲ್ಲಿರುತ್ತದೆ, ಒಡೆಯ ಸುಧನ್ವ, ಹಾಗಾಗಿ ಡಬ್ಬಿಯ ಮೇಲೆ ಅವನ ಹೆಸರು.

ಅವನು ಒಡೆಯನಾದದ್ದೂ ಒಂದು ಬಗೆಯ ಹೇಡಿತನದಿಂದಲೇ. ಗೋಡೌನಿನ ಸಾಮಾನು ಲೆಕ್ಕವಿಡುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವ ಕಾಂಟ್ರಾಕ್ಟ್ ಕೆಲಸ ಅವನದು. ಮ್ಯಾನೇಜರು ವಿಕಾಸ್, ಬೆಂಗಳೂರಿನವರೇ, ಪಾಲೋ ಆಲ್ಟೋದಿಂದ ವಾರಕ್ಕೆರಡು ದಿನ ಹೇವರ್ಡಿಗೆ ಬರುತ್ತಿದ್ದರು. ಮಾರ್ಚ್ ಕೊನೆಯಲ್ಲಿ, ಕಾಂಟ್ರಾಕ್ಟು ಮುಂದುವರಿಸುವ ಮಾತು ನಡೆದಿದ್ದ ಮೀಟಿಂಗು ಮುಗಿದ ಮೇಲೆ ಅವರು, "ಸುಧನ್ವ, ನಿಮಗೆ ಪ್ರಾಣಿಗಳು ಅಂದ್ರೆ ಇಷ್ಟ ಅಲ್ವಾ?" ಎಂದು ಕೇಳಿದರು. ಮೈಸೂರಿನಲ್ಲಿ ದನ ಎದುರಾದರೆ ರಸ್ತೆ ದಾಟಿ ಆ ಕಡೆ ನಡೆಯುತ್ತಿದ್ದ ಸುಧನ್ವ, "ತುಂಬಾ ಸಾರ್" ಎಂದ. ಮರುದಿನ ಶೂ ಡಬ್ಬಿಯಲ್ಲಿ ಮರಿ ಬಂತು. "ನಮ್ಮ ಮಗಳು ಮಾನ್ಯಾಗೆ ಅಲರ್ಜಿ. ಇಲ್ಲಾಂದ್ರೆ ಕೊಡ್ತಾನೇ ಇರಲಿಲ್ಲ. ಫುಲ್ ಹೆಲ್ದೀ ಕಿಟನ್ನು" ಎಂದರು ವಿಕಾಸ್. ಆ ಹೆಲ್ದೀ ಕಿಟನ್ನು ಫ್ರೀವೇ ಹತ್ತುವಷ್ಟರಲ್ಲಿ ಶೂ ಡಬ್ಬಿಯ ತಳ ನೆನೆಸಿ, ಸೀಟು ನೆನೆಸಿ, ಸುಧನ್ವನ ಒಂದೇ ಒಂದು ಒಳ್ಳೆ ಜಾಕೆಟ್ಟನ್ನೂ ನೆನೆಸಿತು. ಪಾಪ, ಹೆದರಿದೆ ಎಂದುಕೊಂಡ. ಹೆದರಿಕೆ ಐದು ವಾರ ಇರುವುದಿಲ್ಲ ಎಂದು ತಿಳಿಯುವುದಕ್ಕೆ ಅವನಿಗೆ ಮೂರು ವಾರ ಬೇಕಾಯಿತು.

ಅವನಿದ್ದದ್ದು ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ, ಸ್ನೇಹಲ್ ಎಂಬವರ ಮನೆಯ ಕೆಳಗಿನ ಒಂದು ರೂಮಿನಲ್ಲಿ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಬಾಗಿಲು ಸರಿಯಾಗಿ ಹಾಕದೆ ಆಫೀಸಿಗೆ ಹೋಗಿದ್ದ. ಸಂಜೆ ಬಂದಾಗ ಮೇಲಿನ ಹಾಲಿನ ಕಾರ್ಪೆಟ್ಟಿನ ಮೇಲೆ ಸೂಜಿ ನಾಲ್ಕು ಕಡೆ ತನ್ನ ಗುರುತು ಬಿಟ್ಟಿತ್ತು. ಸ್ನೇಹಲ್ ಕೂಗಾಡುವವರಲ್ಲ, ಇನ್ನೂ ಭಯಂಕರ, ಮೆತ್ತಗೆ ಮಾತಾಡುವವರು.

"ಸುಧನ್ವ, ಮೇ ಮೂವತ್ತೊಂದಕ್ಕೆ ಹೊಸ ಕಾರ್ಪೆಟ್ ಹಾಕೋರು ಬರ್ತಾರೆ. ಅಷ್ಟರೊಳಗೆ ಇದು ನಿಲ್ಲಬೇಕು. ನಿಲ್ಲಲಿಲ್ಲಾಂದ್ರೆ ಪ್ರಾಣಿಗಳ ಶೆಲ್ಟರಿಗೆ ಕೊಟ್ಬಿಡಿ. ಸಾರಿ, ನನಗೆ ಬೇರೆ ದಾರಿ ಇಲ್ಲ."

ಪಕ್ಕದಲ್ಲಿ ಬಂಗಾರೆವ್ವ ಮೊಣಕಾಲೂರಿ ಕೂತಿದ್ದರು. ಅರವತ್ತೆರಡರ ಹೆಂಗಸು, ಇಳಕಲ್ ಸೀರೆಯ ಮೇಲೆ ಮಗಳ ಹಳೆಯ ಸ್ವೆಟರು. ಅವರು ಮಗಳನ್ನೂ ನೋಡಲಿಲ್ಲ, ಮರಿಯನ್ನೂ ನೋಡಲಿಲ್ಲ. ಕಾರ್ಪೆಟ್ಟಿನ ಕಲೆಯನ್ನು ನೋಡುತ್ತಿದ್ದರು, ಬಹಳ ದಿನದ ಮೇಲೆ ಸಿಕ್ಕ ಪರಿಚಯದವರನ್ನು ನೋಡುವ ಹಾಗೆ.

"ಲೋಳಿ ಐತಿ" ಎಂದರು. "ನಾತಾನೂ ಬ್ಯಾರೆ ಐತಿ. ಎಷ್ಟ ದಿನ ಆತು?"

"ಅವ್ವಾ, ಪ್ಲೀಸ್, ಮುಟ್ಟಬ್ಯಾಡ" ಎಂದರು ಸ್ನೇಹಲ್.

"ನೀ ಸುಮ್ಮಿರ. ಇದರಾಗ ನಾ ದುಡದೇನಿ."

ದುಡಿದದ್ದು ನಿಜ. ಗದಗಿನ ಕಡೆಯ ಒಂದು ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅವರು ಟೆಕ್ನಿಶಿಯನ್ನು. ರಕ್ತ ನೋಡುವವರಿಗೆ ಒಂದು ಮರ್ಯಾದೆ, ಕಫ ನೋಡುವವರಿಗೆ ಒಂದು ಭಯ. ಮಲ ನೋಡುವ ಬಂಗಾರೆವ್ವನಿಗೆ ಕಿಟಕಿಯ ಪಕ್ಕ ಒಂದು ಸ್ಟೂಲು, ಒಂದು ಮೈಕ್ರೋಸ್ಕೋಪು, ಮತ್ತು ಬೆನ್ನ ಹಿಂದೆ ಒಂದು ಅಡ್ಡಹೆಸರು. ಅಡ್ಡಹೆಸರು ಏನೆಂದು ಅವರು ಸುಧನ್ವನಿಗೆ ಹೇಳಲಿಲ್ಲ. ಯಾರ್‍ಯಾರು ಅಂದರು ಎಂಬುದನ್ನು ಮಾತ್ರ ಇವತ್ತಿಗೂ ಬೆರಳು ಮಡಚಿ ಹೇಳುತ್ತಿದ್ದರು. ಒಟ್ಟು ಒಂಬತ್ತು ಮಂದಿ. ಅದರಲ್ಲಿ ಏಳು ಮಂದಿಗೆ ವಾಪಸು ಕೊಟ್ಟಾಗಿತ್ತು, ಒಬ್ಬ ತೀರಿಕೊಂಡಿದ್ದ, ಒಬ್ಬ ವರ್ಗವಾಗಿ ತಪ್ಪಿಸಿಕೊಂಡಿದ್ದ.

ಆ ಏಳರಲ್ಲಿ ಅವರಿಗೆ ಅತ್ಯಂತ ಪ್ರಿಯನಾದವನು ಒಬ್ಬ ಸರ್ಜನ್ನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮಗುವಿನ ರಿಪೋರ್ಟು ಹಿಡಿದುಕೊಂಡು ಬಂಗಾರೆವ್ವ, ಒಂದು ದಿನದ ಸ್ಯಾಂಪಲ್ಲು ಸಾಲದು, ಮೂರು ದಿನದ್ದು ನೋಡಬೇಕು ಎಂದು ಅವನ ಎದುರು ಹೇಳಿದ್ದರು. ವಾರ್ಡಿನಲ್ಲಿ ಎಲ್ಲರೆದುರೂ ಅವನು ರಿಪೋರ್ಟನ್ನು ನೆಲಕ್ಕೆ ಒಗೆದು, ಹೇಲು ನೋಡುವವಳು ನನಗೆ ಕಲಿಸಬೇಡ ಎಂದಿದ್ದ. ಹನ್ನೊಂದು ವರ್ಷವಾದ ಮೇಲೆ ಅದೇ ಸರ್ಜನ್ನನಿಗೆ ಹೊಟ್ಟೆ ಕೆಟ್ಟು, ಎಲ್ಲ ಔಷಧ ಮುಗಿದು, ಕೊನೆಗೆ ಕರವಸ್ತ್ರದಲ್ಲಿ ಸುತ್ತಿದ ಡಬ್ಬಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದ. ಬಂಗಾರೆವ್ವ ಅವನನ್ನು ಸಾಲಿನಲ್ಲಿ ನಿಲ್ಲಿಸಿದರು. ಹೆಸರು ಜೋರಾಗಿ ಕೂಗಿದರು. ಮೂರು ದಿನ ತರಿಸಿದರು.

"ಮೂರನೇ ದಿನ ಏನಂದೆ ಗೊತ್ತೇನ?" ಎಂದು, ಕತೆ ಇಲ್ಲಿಗೆ ಬಂದಾಗಲೆಲ್ಲ ಅವರ ಕಣ್ಣು ಸಣ್ಣದಾಗುತ್ತಿತ್ತು. "'ಸಾಹೇಬ್ರ, ಇದು ಸಾಲಲಿಲ್ಲ, ನಾಳೆ ಇನ್ನೊಮ್ಮೆ ತರ್ರಿ' ಅಂದೆ. ಸಾಕಿತ್ತು. ಆದ್ರೂ ಅಂದೆ."

ಸುಧನ್ವನಿಗೆ ಇಂಥವರನ್ನು ಕಂಡರೆ ಭಕ್ತಿ. ಅವನ ಸೇಡೆಲ್ಲ ಡ್ರಾಫ್ಟು ಫೋಲ್ಡರಿನಲ್ಲಿತ್ತು. ವಿಕಾಸ್‌ಗೆ ಬರೆದೂ ಕಳಿಸದ ಹದಿನಾಲ್ಕು ಇಮೇಲು. ಮೊದಲನೆಯದರಲ್ಲಿ ಕೆಂಡ ಉಗುಳಿದ್ದ. ಹದಿನಾಲ್ಕನೆಯದರ ಹೊತ್ತಿಗೆ 'ನಿಮ್ಮ ಬಿಡುವು ನೋಡಿಕೊಂಡು ತಿಳಿಸಿ' ಎಂಬಲ್ಲಿಗೆ ಬಂದಿದ್ದ. ಸಾಫ್ಟ್‌ವೇರಿನಲ್ಲಿ ಸಿಕ್ಕ ಒಂದು ಅಸಹ್ಯ ದೋಷಕ್ಕೆ ವಿಕಾಸ್‌ರ ಹೆಸರಿನ ಮೊದಲ ಅಕ್ಷರ ಇಟ್ಟಿದ್ದ. ಅದನ್ನು ಆಮೇಲೆ ತಾನೇ ಸರಿಮಾಡಬೇಕಾಗಿ ಬಂತು.

ಕಾರ್ಪೆಟ್ಟಿನ ಆ ಸಂಜೆಯಿಂದ ಸೂಜಿಯ ಕೇಸು ಬಂಗಾರೆವ್ವನ ಕೈಗೆ ಹೋಯಿತು.

"ಡಾಕ್ಟರ್ ಏನಂದ್ರು?"

"ಮನೆ ಬದಲಾದ್ರೆ ಮರಿಗಳಿಗೆ ಹೀಗಾಗುತ್ತಂತೆ. ಮೂರು ಸಲ ಫುಡ್ಡು ಬದಲಾಯಿಸಿದ್ರು. ಕುಂಬಳಕಾಯಿ ಪೇಸ್ಟ್ ಕೊಡಿ ಅಂದ್ರು. ಒಂದ್ಸಲ ಟೆಸ್ಟು ಮಾಡಿದ್ರು, ಏನೂ ಇಲ್ಲ ಅಂತ ಬಂತು."

"ಒಂದ ಸಲ?"

"ಒಂದೇ ಸಲ."

"ಹಾಲು ಕೊಟ್ಟೀ ಏನ? ಖರೇ ಹೇಳು. ಬೆಕ್ಕು ಅಂದಕೂಡಲೇ ನಮ್ಮ ಮಂದಿ ಹಾಲಿನ ಬಟ್ಟಲಾ ಇಡತಾರ. ಅದಕ್ಕ ಹಾಲು ಅರಗಂಗಿಲ್ಲ."

"ಒಂದು ಹನಿ ಇಲ್ಲಮ್ಮಾ. ಡಾಕ್ಟರೂ ಕೇಳಿದ್ರು."

"ಹಂಗಾರ ಒಳಗ ಯಾವನೋ ಕುಂತಾನ." ಅವರು ಆ ಕ್ರಿಮಿಯನ್ನು ಹಳೆಯ ಶತ್ರುವೊಬ್ಬನ ಹಾಗೆಯೇ ಏಕವಚನದಲ್ಲಿ ಕರೆಯುತ್ತಿದ್ದರು. "ಅಂವ ದಿನಾ ಹೊರಗ ಬರಂಗಿಲ್ಲ. ಇವತ್ತ ಬರತಾನ, ನಾಳೆ ಅಡಗತಾನ. ಒಂದ ದಿನ ನೋಡಿ ಇಲ್ಲ ಅಂದ್ರ ಅಂವಗ ನಗಿ ಬರತೈತಿ. ಮೂರು ದಿನದ್ದು ಕೊಡೂಣು. ಹೆಂಗ ಅಡಗತಾನ ನೋಡೂಣು. ಇಲ್ಲಂದ್ರ ಮೂವತ್ತೊಂದಕ್ಕ ಇದು ಹೋತು. ಇಂಥಾ ಹರಿಯೂ ಮರೀನ ಶೆಲ್ಟರಿನಿಂದ ಯಾರ ಒಯ್ತಾರ?"

ಬಂಗಾರೆವ್ವ ತಾವೇ ತೆಗೆದಿಡುತ್ತಿದ್ದ ಆ ಮೂರು ದಿನದ ಸ್ಯಾಂಪಲ್ಲಿನಲ್ಲಿ ಎರಡನೆಯದನ್ನೇ ಸುಧನ್ವ ಚಪಾತಿಯ ಜೊತೆ ಹೇವರ್ಡಿಗೆ ಒಯ್ದದ್ದು.

ಶಿಕ್ಷೆ ಏನೆಂದರೆ, ಮತ್ತೆ ಒಂದರಿಂದ ಎಣಿಸುವ ಮೂರೂ ದಿನ ಅವನೇ ಬೆಳಿಗ್ಗೆ ಆರಕ್ಕೆ ಎದ್ದು, ಐಸ್‌ಕ್ರೀಮ್ ಕಡ್ಡಿ ಹಿಡಿದು, ಸೂಜಿಯ ಮರಳಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಬಂಗಾರೆವ್ವ ಹಿಂದೆ ನಿಂತು ಹೇಳುತ್ತಿದ್ದರು: "ಲೋಳಿ ಇದ್ದಲ್ಲಿಂದ ತಗಿ. ಅಲ್ಲೆ ಅಲ್ಲ. ಮರಳು ಬ್ಯಾಡ. ಮಾರಿ ಯಾಕ ಹಂಗ ಮಾಡತಿ? ಮನ್ನೆ ಊಟಕ್ಕಂತ ಒಯ್ದಿದ್ದೆಲ್ಲಾ?"

ಮೂರನೆಯ ಡಬ್ಬಿ ಕೊಟ್ಟ ಮರುದಿನ ಕ್ಲಿನಿಕ್ಕಿನಿಂದ ಫೋನು ಬಂತು. ಜಿಯಾರ್ಡಿಯಾ ಎಂಬ ಕರುಳಿನ ಕ್ರಿಮಿ. ಮೂರರಲ್ಲಿ ಕೊನೆಯದರಲ್ಲಿ ಮಾತ್ರ ಸಿಕ್ಕಿತ್ತು.

ಬಂಗಾರೆವ್ವ ಅಡಿಗೆ ಕಟ್ಟೆಯ ಮೇಲೆ ಅಂಗೈ ಬಡಿದರು. "ಸಿಕ್ಕಿದೇನ ಮಗನ! ಮೂರನೇ ದಿನ ಹೊರಗ ಬಂದ್ಯಾ? ನೀ ಗದಗಿನ್ಯಾಗ ನನ್ನ ಕಣ್ಣು ತಪ್ಪಿಸಲಿಲ್ಲ, ಇಲ್ಲೆ ತಪ್ಪಸ್ತೀ?"

ಮುಂದಿನದು ಔಷಧೋಪಚಾರ ಅನ್ನುವುದಕ್ಕಿಂತ ಹಗೆ ತೀರಿಸುವುದು ಅನ್ನಬಹುದು. ಐದು ದಿನ ಬಾಯಿಗೆ ಔಷಧ. ದಿನಕ್ಕೆ ಮೂರು ಸಲ ಮರಳು ಬದಲು. ತಟ್ಟೆ, ಬಟ್ಟಲು, ಪೆಟ್ಟಿಗೆ ಎಲ್ಲಕ್ಕೂ ಕುದಿಯುವ ನೀರು. ಸೂಜಿಯ ಹಿಂಭಾಗಕ್ಕೆ ದಿನವೂ ಬಾಣಂತಿಯ ಕೂಸಿಗೆ ಹಾಕುವ ಹಾಗೆ ಕಾಲ ಮೇಲೆ ಮಲಗಿಸಿಕೊಂಡು ಸ್ನಾನ. ಸೂಜಿ ಕಿರುಚಿ ಸುಧನ್ವನನ್ನು ಪರಚುತ್ತಿತ್ತು. ಬಂಗಾರೆವ್ವನನ್ನು ಮಾತ್ರ ಒಂದು ದಿನವೂ ಪರಚಲಿಲ್ಲ. ಯಾರನ್ನು ಪರಚಿದರೆ ವಾಪಸು ಬರುತ್ತದೆ ಎಂಬುದು ಬೆಕ್ಕಿಗೂ ಗೊತ್ತಿತ್ತು.

ಆ ವಾರವೇ ಆಫೀಸಿನಲ್ಲಿ ಮಕ್ಕಳನ್ನು ಕರೆತರುವ ದಿನ. ವಿಕಾಸ್‌ರ ಒಂಬತ್ತು ವರ್ಷದ ಮಗಳು ಮಾನ್ಯಾ ಸುಧನ್ವನ ಟೇಬಲ್ಲಿನ ಹತ್ತಿರ ಬಂದು ಬೆಕ್ಕಿನ ಫೋಟೋ ನೋಡಿದಳು.

"ಈಸ್ ಹಿ ಸ್ಟಿಲ್ ಪೂಪಿಂಗ್ ಎವ್ರಿವೇರ್?"

"ಸ್ಟಿಲ್ ಅಂದ್ರೆ?" ಎಂದ ಸುಧನ್ವ. "ನಿಮ್ಮನೇಲಿದ್ದಾಗಲೂ ಮಾಡ್ತಿತ್ತಾ?"

"ಯಾ. ಲೈಕ್, ಎವ್ರಿ ಡೇ. ಡ್ಯಾಡ್ ಗಾಟ್ ಸೋ ಮ್ಯಾಡ್."

ಸುಧನ್ವ ಹದಿನೈದನೆಯ ಇಮೇಲು ಬರೆಯಲು ಕೂತ. ಮುಗಿಸದೆ ಮನೆಗೆ ಹೋಗಿ ಬಂಗಾರೆವ್ವನಿಗೆ ಹೇಳಿದ. ಅವರು ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದು ನಿಲ್ಲಲಿಲ್ಲ, ಜೋರೂ ಆಗಲಿಲ್ಲ. ರೊಟ್ಟಿ ಹಂಚಿಗೆ ಹಾಕಿದ ಮೇಲೆ ಇಷ್ಟೇ ಕೇಳಿದರು: "ಅಂವ ನಿಮ್ಮನ್ನೆಲ್ಲಾ ಊಟಕ್ಕ ಕರದಾನ ಅಂದಿದ್ದೆಲ್ಲಾ? ಯಾವಾಗ?"

"ಈ ಭಾನುವಾರ. ಪಾಲೋ ಆಲ್ಟೋದಲ್ಲಿ, ಅವರ ಮನೇಲಿ."

"ನಾನೂ ಬರತೀನಿ. ಶೇಂಗಾ ಹೋಳಿಗಿ ಮಾಡತೀನಿ."

"ಅಮ್ಮಾ, ನನ್ನ ಕಾಂಟ್ರಾಕ್ಟು..."

"ನಿನಗೇನೂ ಆಗಂಗಿಲ್ಲ. ನಾ ವಯಸ್ಸಾದಾಕಿ. ನನಗ್ಯಾರು ಏನಂತಾರ?"

ಪಾಲೋ ಆಲ್ಟೋದ ಹಿತ್ತಲಿನಲ್ಲಿ ಇಪ್ಪತ್ತು ಜನ ಸೇರಿದ್ದರು. ವಿಕಾಸ್, "ಬನ್ನಿ ಆಂಟಿ, ತುಂಬಾ ಸಂತೋಷ" ಎಂದು ಎದುರುಗೊಂಡರು. ಅವರ ಹೆಂಡತಿ ಜಲಜಾ ಹೋಳಿಗೆ ಡಬ್ಬಿ ಇಸಿದುಕೊಂಡು ಮುರಿದು ಬಾಯಿಗೆ ಹಾಕಿಕೊಂಡು, "ಅಯ್ಯೋ, ಎಷ್ಟು ವರ್ಷ ಆಯ್ತು ಇದನ್ನ ತಿಂದು!" ಎಂದು ಬಂಗಾರೆವ್ವನ ಕೈ ಹಿಡಿದುಕೊಂಡರು. ಬಂಗಾರೆವ್ವ ನಗುನಗುತ್ತಾ ಕಾದರು. ಎಲ್ಲರ ತಟ್ಟೆ ತುಂಬುವ ತನಕ, ಎಲ್ಲರೂ ಒಂದು ತುತ್ತು ಬಾಯಿಗಿಡುವ ತನಕ ಕಾದರು. ಆಮೇಲೆ, ಊರಿನಲ್ಲಿ ಸಾಲಿನ ಕೊನೆಯವನಿಗೂ ಕೇಳಿಸುತ್ತಿದ್ದ ಆ ದನಿಯಲ್ಲಿ ಶುರುಮಾಡಿದರು.

"ವಿಕಾಸಪ್ಪಾ, ನೀ ಕೊಟ್ಟ ಮರೀದು ರಿಪೋರ್ಟ್ ಬಂತಪಾ."

"ಹೌದಾ ಆಂಟಿ? ಏನಂತೆ?"

"ಭೇದಿ ಕ್ರಿಮಿ. ನಿಮ್ಮಲ್ಲೆ ಇದ್ದಾಗಿಂದ ಹರೀತಿತ್ತಂತಲ್ಲಾ, ನಿನ್ನ ಮಗಳ ಹೇಳಿದ್ಲು. ಶಾಣ್ಯಾ ಹುಡುಗಿ."

ಗ್ರಿಲ್ಲಿನ ಹತ್ತಿರ ನಿಂತಿದ್ದವರು ತಿರುಗಿದರು.

"ಬೆಕ್ಕಿಂದ ಮನಷ್ಯಾರಿಗೆ ಬರೂದು ಭಾಳ ಕಡಿಮಿ. ಹೆದರಬ್ಯಾಡ. ಆದ್ರ ನಾ ಮೂವತ್ತೊಂದು ವರ್ಷ ಇದನ್ನ ನೋಡಿದಾಕಿ, ಕಡಿಮಿ ಅಂತ ಬಿಡಾಕಿ ಅಲ್ಲ." ಸ್ವೆಟರಿನ ಜೇಬಿನಿಂದ ಮೂರು ಪುಟ್ಟ ಡಬ್ಬಿ ತೆಗೆದು, ಒಂದರ ಪಕ್ಕ ಒಂದರಂತೆ ಸಲಾಡಿನ ಬಟ್ಟಲಿನ ಮುಂದೆ ಜೋಡಿಸಿದರು. ಮೂರರ ಮೇಲೂ ದುಂಡು ಅಕ್ಷರದಲ್ಲಿ 'ವಿಕಾಸ್' ಎಂದಿತ್ತು. "ಮೂರು ದಿನ. ಬೆಳಿಗ್ಗೆ ಮೊದಲಿಂದು. ಭಾಳ ಬ್ಯಾಡ, ಇಷ್ಟ ಸಾಕು." ಕಿರುಬೆರಳಿನ ಉಗುರು ತೋರಿಸಿದರು. "ಮರಿಗೆ ಹೆಂಗ ಇತ್ತು ಅಂತ ಕೊಡೂವಾಗ ಹೇಳೂದು ಮರತಿ. ನಿಂದು ಹೆಂಗೈತಿ ಅಂತನೂ ಮರತಿರತಿ, ಅದಕ್ಕ."

ಯಾರೋ ತಟ್ಟೆ ಕೆಳಗಿಟ್ಟರು. ಜಲಜಾ ಗಂಡನ ಕಡೆ ನೋಡಿದರು. "ಹಿತ್ತಲಿರೋ ದೊಡ್ಡ ಮನೆಯವರು ಯಾರೋ ಮರಿ ಬೇಕು ಅಂತ ಕೇಳ್ತಿದ್ದಾರೆ ಅಂದ್ಯಲ್ಲ?"

"ನನಗೆ... ಮಾನ್ಯಾಗೆ ಅಲರ್ಜಿ ಅಂದಿದ್ರು" ಎಂದ ಸುಧನ್ವ. ಅಂದಮೇಲೆ ತನ್ನ ನಾಲಿಗೆಯ ಧೈರ್ಯಕ್ಕೆ ತಾನೇ ಬೆಚ್ಚಿದ.

"ಐ ಡೋಂಟ್ ಹ್ಯಾವ್ ಎನಿ ಅಲರ್ಜೀಸ್" ಎಂದಳು ಮಾನ್ಯಾ, ಬಾಯ್ತುಂಬ ಹೋಳಿಗೆ ಇಟ್ಟುಕೊಂಡು.

ವಿಕಾಸ್‌ರ ಮುಖ ಮೊದಲು ಬಿಳಿಚಿತು, ಆಮೇಲೆ ಕಿವಿಯಿಂದ ಶುರುವಾಗಿ ಕೆಂಪಾಯಿತು. "ಅದು, ಆಂಟಿ, ಆ ಟೈಮಲ್ಲಿ ಅಷ್ಟೊಂದು ಇರ್ಲಿಲ್ಲ..." ಎಂದರು. ಎಷ್ಟೊಂದು ಇತ್ತು ಎಂದು ಮಾನ್ಯಾ ಎರಡು ಕೈ ಅಗಲಿಸಿ ತೋರಿಸಿದಳು.

ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಬಂಗಾರೆವ್ವ ಒಬ್ಬರೇ ನಗುತ್ತಿದ್ದರು. ಸುಧನ್ವನಿಗೂ ಒಳಗೊಳಗೇ ಕುಣಿಯುವಷ್ಟಾಗಿತ್ತು. ಹದಿನೈದು ಇಮೇಲಿನಲ್ಲಿ ಆಗದ್ದು ಮೂರು ಡಬ್ಬಿಯಲ್ಲಿ ಆಗಿತ್ತು. ಮರುದಿನದಿಂದ ವಿಕಾಸ್ ಅವನ ಜೊತೆ ಮಾತು ಬಿಟ್ಟರು. ಕಾಂಟ್ರಾಕ್ಟನ್ನು ಮಾತ್ರ ಮುಂದುವರಿಸಿದರು. ಮುಂದುವರಿಸಿದಿರಾ ಎಂದು ಜಲಜಾ ಮನೆಯಲ್ಲಿ ಕೇಳುತ್ತಿರಬೇಕು ಎಂದು ಸುಧನ್ವನ ಊಹೆ.

ಆದರೆ ಸೂಜಿಯ ಭೇದಿ ನಿಲ್ಲಲಿಲ್ಲ.

ಔಷಧ ಮುಗಿದು, ಮತ್ತೆ ಮೂರು ದಿನದ ಪರೀಕ್ಷೆಯೂ ಆಗಿ, ಕ್ರಿಮಿ ಇಲ್ಲ ಎಂದು ಬಂದಿತ್ತು. ಲೋಳೆ ಹೋಗಿತ್ತು, ಆ ಬೇರೆ ನಾತವೂ ಹೋಗಿತ್ತು. ಆದರೂ ದಿನಕ್ಕೆ ಮೂರು ನಾಲ್ಕು ಸಲ ನೀರು ನೀರೇ. ಮೂವತ್ತೊಂದಕ್ಕೆ ಇನ್ನು ಒಂಬತ್ತು ದಿನ. ಸ್ನೇಹಲ್ ಶೆಲ್ಟರಿನ ಫೋನ್ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಬಂಗಾರೆವ್ವ ಅದರ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ ಮುಚ್ಚಿದರು. ಹಾಳೆಯಲ್ಲಿ ಗೆರೆ ಹೊಡೆದು ಮನೆ ಮಾಡಿ, ಸೂಜಿ ತಿಂದದ್ದು, ಎಷ್ಟು ಹೊತ್ತಿಗೆ, ಯಾರು ಕೊಟ್ಟದ್ದು, ಹೋದದ್ದು, ಹೇಗಿತ್ತು, ಎಲ್ಲಕ್ಕೂ ಜಾಗ ಮಾಡಿದರು.

ಹಗೆ ಈಗ ಮನೆಯೊಳಕ್ಕೆ ಬಂತು. "ಯಾರೋ ಏನೋ ಕೊಡಾಕತ್ತೀರಿ" ಎಂದರು. ಮೊದಲು ಡಾಕ್ಟರ ಮೇಲೆ ಅನುಮಾನ: ಔಷಧ ಹಳೇದು. ಆಮೇಲೆ ವಿಕಾಸ್ ಮೇಲೆ: ಎಂಥಾ ಹೊಟ್ಟಿ ಇದ್ದ ಮರೀನ ಆರಿಸಿ ಕೊಟ್ಟಾನ ನೋಡು. ಕೊನೆಗೆ ಹತ್ತಿರದಲ್ಲಿದ್ದವನ ಮೇಲೆ.

"ಸುಧ್ಯಾ, ನಿನ್ನ ರೂಮಿನ್ಯಾಗ ಚೀಸ್ ಐತಿ."

"ಅದು ನಾನು ತಿನ್ನೋಕೆ ಅಮ್ಮಾ."

"ನೀ ಏನು ತಿಂತಿ, ಏನು ತಿನ್ನಂಗಿಲ್ಲ ಅಂಬೂದು ಹೇವರ್ಡಿನ್ಯಾಗ ಎಲ್ಲಾರಿಗೂ ಗೊತ್ತೈತಿ. ಮರಿಗೆ ಕೊಟ್ಟೀ ಏನ?"

"ಇಲ್ಲ!"

"ಚೀಸ್ ಹೊರಗ ಒಗಿ."

ಒಗೆದ. ಭೇದಿ ನಿಲ್ಲಲಿಲ್ಲ. ಅವನ ರೂಮಿನ ಕಸದ ಬುಟ್ಟಿಯ ತಪಾಸಣೆಯಾಯಿತು. ಕೈ ತೊಳೆದ ಲೆಕ್ಕ ಕೇಳಲಾಯಿತು. ಐದನೆಯ ದಿನ ಬಂಗಾರೆವ್ವ ಹಾಳೆಯಲ್ಲಿ 'ಯಾರು ಕೊಟ್ಟದ್ದು' ಎಂಬ ಮನೆಯಲ್ಲಿ ಅವನ ಹೆಸರು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದನ್ನು ಕಂಡಾಗ, ಸುಧನ್ವನ ಜೀವನದಲ್ಲೇ ಮೊದಲ ಸಲ, ಡ್ರಾಫ್ಟಿನಲ್ಲಿ ಉಳಿಯದಂಥ ಸಿಟ್ಟು ಬಂತು. ಸೂಜಿಯ ಮೇಲಿನ ಪ್ರೀತಿಗಿಂತ ಹೆಚ್ಚಾಗಿ, ಆ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಕೊಡಲೇಬೇಕೆಂಬ ಹಟದಿಂದ ಅವನು ಒಂದು ದಿನ ರಜೆ ಹಾಕಿದ. ಬೆಳಿಗ್ಗೆ ಆರಕ್ಕೇ ಮೆಟ್ಟಿಲ ಮೇಲೆ ಲ್ಯಾಪ್‌ಟಾಪು ತೆರೆದುಕೊಂಡು ಕೂತ. ಸೂಜಿ ಎಲ್ಲಿ ಹೋದರೂ ಕಣ್ಣು ಹಿಂದೆ ಹೋಗುವಂಥ ಜಾಗ.

ಆರೂವರೆಗೆ ಬಂಗಾರೆವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು. ಸೂಜಿ ಹೋಗಿ ಅವರ ಸೀರೆಯ ಅಂಚಿನ ಮೇಲೆ ಮುದುರಿ ಕೂತಿತು, ರೂಢಿ ಇದ್ದ ಹಾಗೆ. ಪೂಜೆ ಮುಗಿಯಿತು. ಎಡೆ ಹಿಡಿದ ಸಣ್ಣ ಬೆಳ್ಳಿ ಬಟ್ಟಲನ್ನು ಬಂಗಾರೆವ್ವ ಎತ್ತಿದರು. ಅರ್ಧ ತಾವು ಕುಡಿದರು. ಉಳಿದರ್ಧವನ್ನು ಕಣ್ಣಿಗೊತ್ತಿಕೊಂಡು, "ತಗೋ ನಮ್ಮವ್ವ" ಎಂದು ಸೂಜಿಯ ತಟ್ಟೆಗೆ ಹಾಕಿದರು. ಸೂಜಿ ನಾಲ್ಕು ನೆಕ್ಕಿಗೆ ಮುಗಿಸಿತು.

ಸುಧನ್ವ ಎದ್ದು ಬಂದ. "ಅಮ್ಮಾ, ಅದೇನು?"

"ಯಾವುದು?"

"ಈಗ ಹಾಕಿದ್ದು."

"ಎಡಿ. ಪ್ರಸಾದ. ಯಾಕ?"

"ಏನು ಎಡೆ?"

"ಹಾ..." ಎಂದರು ಬಂಗಾರೆವ್ವ. 'ಲು' ಬರಲಿಲ್ಲ.

ಸೂಜಿ ಮೀಸೆ ಒರೆಸಿಕೊಳ್ಳುತ್ತಿತ್ತು.

"ದಿನಾನಾ?"

"ದಿನಾ." ಅವರು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು, ಅದರೊಳಗೆ ಯಾರೋ ಅವರಿಗೆ ಕಾಣದಂತೆ ಹಾಲು ತುಂಬಿದ್ದಾರೆಂಬ ಹಾಗೆ. "ಇದನ್ನ ನಾ ಹಾಲು ಅಂತ ತಿಳಕೊಂಡೇ ಇಲ್ಲಲ್ಲೋ ತಮ್ಮಾ. ಹಾಲು ಬ್ಯಾರೆ, ಎಡಿ ಬ್ಯಾರೆ. ಪ್ರಸಾದ ಚೆಲ್ಲಬಾರದು, ಮೋರಿಗೆ ಹಾಕಬಾರದು. ಇದು ಬಾಯಿ ಬಿಟ್ಟು ಕುಂತಿರತೈತಿ..." ಅರ್ಧಕ್ಕೇ ನಿಲ್ಲಿಸಿದರು.

ಸುಧನ್ವನಿಗೆ ಗೆದ್ದ ಖುಷಿ ಬರಬೇಕಿತ್ತು. ಬಂತು, ಅದನ್ನು ಮುಚ್ಚಿಡುವಷ್ಟು ದೊಡ್ಡವನೇನೂ ಅವನಲ್ಲ. ಆದರೆ ಬಾಯಿಬಿಟ್ಟು ಏನಾದರೂ ಹೇಳುವ ಮೊದಲೇ ಬಂಗಾರೆವ್ವ ಎದ್ದು ಫ್ರಿಜ್ಜಿನ ಹತ್ತಿರ ಹೋದರು. ಕೆಂಪು ಪೆನ್ನು ತಗೊಂಡು ಸುಧನ್ವನ ಹೆಸರು ಹೊಡೆದುಹಾಕಿ, ಇಡೀ ಐದು ದಿನದ ಸಾಲಿನ ಉದ್ದಕ್ಕೂ, ಯಾರು ಬೇಕಾದರೂ ಓದಲಿ ಎಂಬಂತೆ ಬರೆದರು: 'ಹಾಲು. ಅರ್ಧ ಬಟ್ಟಲು. ಬಂಗಾರೆವ್ವ.'

ಮರುದಿನದಿಂದ ಎಡೆಗೆ ಕಲ್ಲುಸಕ್ಕರೆ. ಅಷ್ಟೇ ಅಲ್ಲ. ಬೆಳಿಗ್ಗೆ ಎರಡು ಕಪ್ಪು ಗಟ್ಟಿ ಹಾಲಿನ ಚಹಾ ಇಲ್ಲದೆ ಮಾತೇ ಆಡದ ಹೆಂಗಸು, ಕರಿ ಚಹಾ ಮುಂದಿಟ್ಟುಕೊಂಡು ಮುಖ ಕಿವುಚಿ ಕುಡಿಯುವುದನ್ನು ಸುಧನ್ವ ನೋಡಿದ. "ಯಾಕಮ್ಮಾ, ನೀವು ಕುಡೀಬಹುದಲ್ಲ?" ಎಂದರೆ, "ಸರ್ಜನ್ನಗ ಬಿಟ್ಟಿಲ್ಲ, ನನಗ ಬಿಡತೀನೇನು?" ಎಂದರು. ತನ್ನ ಮೇಲೆ ತಾನೇ ಸೇಡು ತೀರಿಸಿಕೊಳ್ಳುವವರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೊದಲ ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನ ಎರಡೇ ಸಲ. ಮೂರನೆಯ ದಿನ ಬೆಳಿಗ್ಗೆ ಬಂಗಾರೆವ್ವ ಮನೆಯವರನ್ನೆಲ್ಲ ಕೂಗಿ ಗ್ಯಾರೇಜಿಗೆ ಕರೆದರು. ಮರಳಿನ ಪೆಟ್ಟಿಗೆಯಲ್ಲಿ, ಗಟ್ಟಿಯಾಗಿ, ಹೆಬ್ಬೆರಳಿನಷ್ಟುದ್ದ, ಒಂದೇ ಒಂದು.

"ನೋಡ್ರಿ! ನೋಡ್ರಿ ಹೆಂಗೈತಿ!"

"ಅವ್ವಾ, ನಾನು ಇನ್ನೂ ಬ್ರೇಕ್‌ಫಾಸ್ಟ್ ಮಾಡಿಲ್ಲ" ಎಂದರು ಸ್ನೇಹಲ್. ಆದರೂ ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ, ಹಾಳೆಯನ್ನೆತ್ತಿ, ಅದರ ಕೆಳಗಿದ್ದ ಶೆಲ್ಟರಿನ ನಂಬರನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು.

ಮೂವತ್ತೊಂದಕ್ಕೆ ಕಾರ್ಪೆಟ್ಟಿನವರು ಬಂದು ಹೋದರು. ಸಂಜೆ ಹೊಸ ಕಾರ್ಪೆಟ್ಟಿನ ಮೇಲೆ ಸೂಜಿ ಅಂಗಾತ ಬಿದ್ದುಕೊಂಡಿತ್ತು, ಮೊದಲ ಸಲ ಹೊಟ್ಟೆಯೆಂಬುದೊಂದು ಕಾಣುತ್ತಿತ್ತು. ಬಂಗಾರೆವ್ವ ಕರಿ ಚಹಾ ಕುಡಿಯುತ್ತಿದ್ದರು. ಸುಧನ್ವನಿಗೆ ಒಂದು ಮಾತು ಬಹಳ ದಿನದಿಂದ ಗಂಟಲಲ್ಲಿತ್ತು. ಕೇಳಬಾರದೆಂದುಕೊಂಡೇ ಕೇಳಿದ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ವಿಕಾಸ್ ಸುಳ್ಳು ಹೇಳಿದ್ದು ತಪ್ಪೇ. ಆದ್ರೆ ಬೆಕ್ಕಿಂದ ಮನುಷ್ಯರಿಗೆ ಬರೋದಿಲ್ಲ ಅನ್ನೋವಷ್ಟು ಕಡಿಮೆ ಅಂತ ನಿಮಗೆ ಗೊತ್ತಿತ್ತು. ಅಷ್ಟು ಜನರ ಮುಂದೆ ಹಾಗೆ ಮಾಡಿದ್ದು, ನಿಜವಾಗ್ಲೂ ಅವರ ಆರೋಗ್ಯದ ಕಾಳಜಿಗಾ?"

ಬಂಗಾರೆವ್ವ ಕಪ್ಪು ಕೆಳಗಿಟ್ಟರು.

"ಎಲ್ಲೀ ಕಾಳಜಿ? ಅವನ ಮಾರಿ ಇಳಿಯೂದು ನೋಡಬೇಕಾಗಿತ್ತು. ನೋಡಿದೆ."